ಝೆನಿತ್ಸುನಾ ಇನೊಸುಕೆನಾ? ಡೀಮನ್ ಸ್ಲೇಯರ್ ಅನಿಮೆ ನೋಡಿದವರು ಸ್ವಲ್ಪ ಬನ್ನಿ, ನಮ್ಮನೇಲಿ ಜಗಳ ಮುಗೀತಾನೇ ಇಲ್ಲ

ಕಟ್ಟೆಪುರಾಣ:
ಎಲ್ರಿಗೂ ನಮಸ್ಕಾರ. ನಾನು ನನ್ನ ತಮ್ಮ ಹದಿನೈದು ದಿನದಿಂದ ಊಟಕ್ಕೆ ಕೂತ್ರೆ ಸಾಕು ಇದೇ ವಿಷಯ ತೆಗೆದು ಕಚ್ಚಾಡ್ತಿದೀವಿ. ರಾಕ್ಷಸರನ್ನ ಬೇಟೆ ಆಡೋ ಕಥಾನಾಯಕ ತಾಂಜಿರೊ ಜೊತೆ ಇರೋ ಇಬ್ರಲ್ಲಿ ಪಾತ್ರ ಅಂತ ಚೆನ್ನಾಗಿ ಬಂದಿರೋದು ಯಾರದು? ಇಬ್ರಿಗೂ ಹೊಡೆದಾಟ ಬಿದ್ರೆ ಯಾರು ಗೆಲ್ತಾರೆ ಅನ್ನೋ ಪ್ರಶ್ನೆ ಅಲ್ಲ, ಅದು ಬೇಡವೇ ಬೇಡ. ಪಾತ್ರ ಬೆಳೆದಿರೋ ರೀತಿ ಬಗ್ಗೆ ಹೇಳಿ.

ನಾನು ಇನೊಸುಕೆ ಪಾರ್ಟಿ. ಕಾಡಲ್ಲಿ ಹಂದಿ ಜೊತೆ ಬೆಳೆದವ್ನು, ಗುರು ಇಲ್ಲ ಏನಿಲ್ಲ, ತನ್ನಷ್ಟಕ್ಕೆ ತಾನೇ ಬೀಸ್ಟ್ ಬ್ರೀದಿಂಗ್ ಅನ್ನೋ ಕತ್ತಿವಿದ್ಯೆ ಕಟ್ಕೊಂಡ. ಬಂದಾಗ ಮನುಷ್ಯರ ಹೆಸರು ಕೂಡ ನೆಟ್ಟಗೆ ಹೇಳಕ್ಕೆ ಬರ್ತಿರ್ಲಿಲ್ಲ, ತಾಂಜಿರೊನ ಗೊನ್ಪಾಚಿರೊ ಅಂತಿದ್ದ. ಅಂಥವ್ನು ಮುಗೆನ್ ಟ್ರೇನ್ ಕಥೆ ಕೊನೇಲಿ ಆಡೋ ಮಾತು ಕೇಳಿದ್ರೆ ಎಷ್ಟು ದೂರ ಬಂದಿದಾನೆ ಅಂತ ಗೊತ್ತಾಗುತ್ತೆ. ಝೆನಿತ್ಸು ನೋಡಿದ್ರೆ ಮೊದಲ ಸೀಸನ್ ಪೂರ್ತಿ ಬಾಯಿ ಬಡ್ಕೊಳ್ಳೋದೇ ಆಯ್ತು, ದಾರೀಲಿ ಸಿಕ್ಕ ಹುಡುಗಿ ಕಾಲು ಹಿಡ್ಕೊಂಡು ಮದುವೆ ಆಗು ಅಂತ ಗೋಗರಿಯೋದು, ಆಮೇಲೆ ನಿದ್ದೆ ಬಂದ ತಕ್ಷಣ ವೀರ. ಎಚ್ಚರ ಇದ್ದಾಗ ಒಬ್ಬ, ನಿದ್ದೇಲಿ ಇನ್ನೊಬ್ಬ, ಎರಡು ಬೇರೆ ಬೇರೆ ಪಾತ್ರ ಅಂಟಿಸಿದ ಹಾಗಿದೆ ಅಂತ ನನ್ನ ವಾದ. ತಮ್ಮ ಒಪ್ತಿಲ್ಲ. ನೀವು ಹೇಳಿ.

ರಾತ್ರಿಪಾಳಿ:
ಝೆನಿತ್ಸು. ಎರಡನೇ ಮಾತೇ ಇಲ್ಲ.

ಬಯಲುಸೀಮೆ:
ಇನೊಸುಕೆ ಗುರು. ಹೊಸ ಕತ್ತಿ ತಂದುಕೊಟ್ಟ ಕಮ್ಮಾರನ ಕಣ್ಣೆದುರೇ ಅದನ್ನ ಕಲ್ಲಲ್ಲಿ ಕುಟ್ಟಿ ಬಾಯಿ ಮುಕ್ಕು ಮಾಡ್ತಾನಲ್ಲ, ಆ ಸೀನ್ ಒಂದೇ ಸಾಕು ನನಗೆ.

ಹುಬ್ಬಳ್ಳಿ_ಗಿರ್ಮಿಟ್:
ಕಟ್ಟೆಪುರಾಣ ಅವರ, ನೀವು ಹೇಳೂದು ಅರ್ಧ ಖರೆ ಅದ, ಅರ್ಧ ತಪ್ಪದ. ಎರಡು ಪಾತ್ರ ಅಂಟಿಸ್ಯಾರ ಅಂತೀರಲ್ಲ, ಡೋಲಿನ ಮನಿ ಮುಂದ ಆ ಪೆಟ್ಟಿಗಿ ಸೀನ್ ಮರತ್ರೇನು? ಅಲ್ಲಿ ಝೆನಿತ್ಸು ಪೂರಾ ಎಚ್ಚರ ಇದ್ದ. ತಾಂಜಿರೊನ ತಂಗಿ, ರಾಕ್ಷಸಿ ಆದ ನೆಜುಕೊ ಇರೋ ಪೆಟ್ಟಿಗಿ ಅಪ್ಕೊಂಡು ನೆಲದ ಮ್ಯಾಲ ಮುದುಡಿ ಬಿದ್ದಾನ, ಇನೊಸುಕೆ ಒದಿಯಾಕತ್ತಾನ, ಮೂಗು ಬಾಯಾಗ ರಕ್ತ. ಕತ್ತಿ ಸೈತ ತಗೀಲಿಲ್ಲ. ಯಾಕ ಅಂದ್ರ ತಾಂಜಿರೊ ಇದು ನನ್ನ ಜೀವಕ್ಕಿಂತ ಹೆಚ್ಚು ಅಂದಿದ್ದ, ಅಷ್ಟ. ಒಳಗ ರಾಕ್ಷಸ ಅದ ಅಂತ ಅವನ ಕಿವಿಗೆ ಮೊದಲ ಗೊತ್ತಾಗಿತ್ತು ನೋಡ್ರಿ. ಗೊತ್ತಿದ್ದೂ ಕಾಯ್ದ. ಆ ದಿನಾನ ಸಿಕ್ಕ ಗೆಳ್ಯಾ, ಒಂದ್ ದಿನದ ಪರಿಚಯ. ಇದಕ್ಕಿಂತ ಧೈರ್ಯ ಬೇಕೇನ್ರಿ?

ಕಟ್ಟೆಪುರಾಣ:
ಗಿರ್ಮಿಟ್ ಸರ್, ಆ ಸೀನ್ ಮರೆತಿಲ್ಲ, ಚೆನ್ನಾಗಿದೆ ಅಂತ ಒಪ್ತೀನಿ. ಆದ್ರೆ ಅದಾದ್ಮೇಲೆ ಮತ್ತೆ ಹಳೇ ರಾಗಾನೇ ಅಲ್ವಾ. ನತಗುಮೊ ಬೆಟ್ಟದ ಬುಡದಲ್ಲಿ ನಾನು ಬರಲ್ಲ ಅಂತ ದಾರಿ ಮಧ್ಯ ಕೂತೇಬಿಡ್ತಾನೆ.

ಕಡಲತಡಿ:
ಕೂತವನು ಎದ್ದು ಹೋಗ್ತಾನಲ್ಲ ಮಾರಾಯ್ರೇ, ಅದೂ ಒಬ್ಬನೇ. ಅದನ್ನು ಯಾಕೆ ಬಿಡ್ತೀರಿ. ಇಬ್ಬರೂ ಇವನನ್ನು ಬಿಟ್ಟು ಮೇಲೆ ಹೋಗಿ ಆಗಿದೆ, ತಾಂಜಿರೊ ನೆಜುಕೊವಿನ ಪೆಟ್ಟಿಗೆ ಸಮೇತ ಹೋದದ್ದು ನೆನಪಾಗಿ ಅಳುತ್ತಾ ಅಳುತ್ತಾ ಹತ್ತಿದ. ಭಯ ಇಲ್ಲದವ ಬೆಟ್ಟ ಹತ್ತುವುದರಲ್ಲಿ ಏನುಂಟು? ಇನೊಸುಕೆಗೆ ಭಯ ಅಂದರೆ ಏನು ಅಂತಲೇ ಗೊತ್ತಿಲ್ಲ ಆಗ.

ನೇರಳೆಹಣ್ಣು:
ಎಪಿಸೋಡ್ 17!!! ಯಾರೂ ಇನ್ನೂ ಹೇಳಿಲ್ವಲ್ಲ

ಬಯಲುಸೀಮೆ:
ನಿದ್ದೆ ಮಾಡ್ತಾ ಮಾತ್ರ ಹೋರಾಡೋ ಪಾತ್ರ ಅದು. ಎಚ್ಚರ ಇದ್ದಾಗ ಒಂದೇ ಒಂದು ರಾಕ್ಷಸನ ತಲೆ ಹಾರಿಸಿದ್ದು ತೋರ್ಸಿ.

ರಾತ್ರಿಪಾಳಿ:
ಇನ್ಫಿನಿಟಿ ಕ್ಯಾಸಲ್ ಸಿನಿಮಾ ನೋಡಿಲ್ವಾ ಹಾಗಾದ್ರೆ? ಕೈಗಾಕು ಜೊತೆ ಆಗೋ ಫೈಟ್ ಪೂರ್ತಿ ಎಚ್ಚರದಲ್ಲೇ. ಒಂದು ಕಿರುಚಾಟ ಇಲ್ಲ, ಒಂದು ತಮಾಷೆ ಇಲ್ಲ. ಅವನ ದನೀನೇ ಬೇರೆ ಆಗೋಗಿರುತ್ತೆ.

ಬಯಲುಸೀಮೆ:
ಇನ್ನೂ ನೋಡಿಲ್ಲ ಗುರು, ಹಾಗಿದ್ರೆ ನನ್ನ ಮಾತು ವಾಪಸ್ ತಗೋತೀನಿ. ದಯವಿಟ್ಟು ಮುಂದೆ ಸ್ಪಾಯ್ಲರ್ ಅಂತ ಬರೆದು ಹಾಕಿ.

ಅಡಿಕೆತೋಟ:
ಒಂದು ಪ್ರಶ್ನೆ, ನಾನು ಈಗಷ್ಟೇ ಶುರು ಮಾಡಿದ್ದು. ಎಪಿಸೋಡ್ 11ರಲ್ಲಿದೀನಿ. ಆ ಹಳದಿ ಕೂದಲಿನವನ ಕಿರುಚಾಟಕ್ಕೆ ತಲೆ ಚಿಟ್ಟು ಹಿಡಿದು ನಿಲ್ಲಿಸಿಬಿಟ್ಟೆ. ಮುಂದುವರಿಸಬಹುದಾ? ಆಮೇಲೆ ನೋಡೋ ಆರ್ಡರ್ ಹೇಗೆ, ಸಿನಿಮಾ ಸೀರೀಸ್ ಎಲ್ಲ ಕಲಸುಮೇಲೋಗರ ಆಗಿದೆ.

ನೇರಳೆಹಣ್ಣು:
ಅಡಿಕೆತೋಟ, ಖಂಡಿತ ಮುಂದುವರಿಸಿ, ಇನ್ನು ಮೂರೇ ಮೂರು ಎಪಿಸೋಡ್ ತಡ್ಕೊಳ್ಳಿ. ಆರ್ಡರ್ ಸುಲಭ ಇದೆ. 2019ರ ಮೊದಲ ಸೀಸನ್ 26 ಎಪಿಸೋಡ್, ಆಮೇಲೆ ಮುಗೆನ್ ಟ್ರೇನ್ (2020ರ ಸಿನಿಮಾ ನೋಡಿದ್ರೂ ಆಯ್ತು, ಅದನ್ನೇ 7 ಎಪಿಸೋಡ್ ಮಾಡಿ ಟಿವೀಲಿ ಹಾಕಿದಾರೆ ಅದಾದ್ರೂ ಆಯ್ತು, ಟಿವೀದ್ರಲ್ಲಿ ಮೊದಲ ಎಪಿಸೋಡ್ ಹೊಸದು). ಆಮೇಲೆ ಎಂಟರ್ಟೇನ್ಮೆಂಟ್ ಡಿಸ್ಟ್ರಿಕ್ಟ್ 11, ಸ್ವೋರ್ಡ್‌ಸ್ಮಿತ್ ವಿಲೇಜ್ 11, ಹಶಿರಾ ಟ್ರೇನಿಂಗ್ 8, ಕೊನೆಗೆ ಇನ್ಫಿನಿಟಿ ಕ್ಯಾಸಲ್ ಸಿನಿಮಾ. ಮತ್ತೆ ಈ ಥ್ರೆಡ್ ಇಲ್ಲಿಂದ ಕೆಳಗೆ ಓದ್ಬೇಡಿ!

ಕಡಲತಡಿ:
ಆ ಕಿರುಚಾಟಕ್ಕೂ ಒಂದು ಮಾತು ಹೇಳಬೇಕು. ಹಿರೊ ಶಿಮೊನೊ ಕೊಟ್ಟ ದನಿ ಅದು. ಅಷ್ಟು ಹೊತ್ತು ಆ ಎತ್ತರದಲ್ಲಿ ಕಿರುಚಿ, ಅದೇ ಗಂಟಲಿನಿಂದ ಥಂಡರ್‌ಕ್ಲ್ಯಾಪ್ ಅಂತ ವಿದ್ಯೆಯ ಹೆಸರು ಹೇಳುವಾಗ ಪಿಸುಮಾತಿನ ಹಾಗೆ ಇಳಿಸುವುದು ಉಂಟಲ್ಲ, ಅದು ಜಪಾನಿ ದನಿಯಲ್ಲೇ ಕೇಳಬೇಕು.

ಬಯಲುಸೀಮೆ:
ಇನೊಸುಕೆ ದನಿ ಯೊಶಿತ್ಸುಗು ಮತ್ಸುಒಕ, ಅವ್ರೇನು ಕಮ್ಮಿ ಇಲ್ಲ. ಆ ಗೊಗ್ಗರು ದನಿ, ಮುಖವಾಡ ಬಿದ್ದಾಗ ಒಳಗಿರೋದು ಹುಡುಗಿ ತರ ಚೆಂದದ ಮುಖ, ದನಿ ಮಾತ್ರ ಅದೇ.

ಹುಬ್ಬಳ್ಳಿ_ಗಿರ್ಮಿಟ್:
ನಮ್ಮಲ್ಲಿ 2025ರ ಸೆಪ್ಟೆಂಬರ್‌ನ್ಯಾಗ ಸಿನಿಮಾ ಬಂದಾಗ ಹಿಂದಿ ತಮಿಳು ತೆಲುಗು ಡಬ್ ಇತ್ತು, ಕನ್ನಡದಾಗ ಬರಲಿಲ್ಲ. ನಮ್ಮ ಮನಿ ಸಣ್ಣ ಹುಡುಗ್ರಿಗೆ ಕತಿ ಎಲ್ಲಾ ನಾನ ಕಿವ್ಯಾಗ ಹೇಳ್ಕೋತ ಕುಂತಿದ್ದೆ, 155 ನಿಮಿಷ. ಕನ್ನಡದಾಗ ಆಗಬೇಕ್ರಿ ಇದು. ಝೆನಿತ್ಸು ಅಳೂದು ಕನ್ನಡದಾಗ ಕೇಳಿದ್ರ ಹುಡುಗ್ರು ಎಷ್ಟು ಖುಷಿ ಪಡ್ತಾವ.

ನೇರಳೆಹಣ್ಣು:
ಡಬ್ ವಿಷಯಕ್ಕೆ ಬೇರೆ ಥ್ರೆಡ್ ಮಾಡಣ ಸರ್, ನಾನೂ ಬರ್ತೀನಿ ಅದಕ್ಕೆ. ಈಗ ಎಪಿಸೋಡ್ 17.

ಝೆನಿತ್ಸುಗೆ ಥಂಡರ್ ಬ್ರೀದಿಂಗ್‌ನ ಆರು ವಿದ್ಯೇಲಿ ಬಂದಿದ್ದು ಮೊದಲನೇದು ಒಂದೇ. ಅವನ ಅಣ್ಣನ ಸ್ಥಾನದಲ್ಲಿದ್ದ ಕೈಗಾಕುಗೆ ಮೊದಲನೇದು ಬಿಟ್ಟು ಮಿಕ್ಕಿದ್ದೆಲ್ಲ ಬರ್ತಿತ್ತು. ಗುರು ಜಿಗೊರೊ ತಾತ, ಹಿಂದೆ ಥಂಡರ್ ಹಶಿರಾ (ಅತಿ ಮೇಲಿನ ದರ್ಜೆ ಯೋಧ) ಆಗಿದ್ದವರು, ಒಂದು ಕಾಲಿಲ್ಲ, ಝೆನಿತ್ಸು ಸಾಲ ತೀರಿಸಿ ಕರ್ಕೊಂಡು ಬಂದವ್ರು. ಅವರು ಇವನಿಗೆ ಹೇಳೋದು, ಒಂದೇ ಬರುತ್ತಾ, ಬರ್ಲಿ ಬಿಡು, ಆ ಒಂದನ್ನೇ ಕೊನೇ ಮುಟ್ಟೋವರ್ಗೂ ಹದ ಮಾಡು ಅಂತ. ಉಕ್ಕನ್ನ ಬಡಿದು ಬಡಿದು ಕತ್ತಿ ಮಾಡೋ ಹಾಗೆ. ಬೆಟ್ಟದ ಮೇಲೆ ಆ ಜೇಡ ರಾಕ್ಷಸನ ವಿಷ ಏರಿ ಕೂದಲು ಉದುರ್ತಿದೆ, ಕೈಕಾಲು ಮರಗಟ್ಟಿದೆ, ಆಗ ಒಂದೇ ವಿದ್ಯೆನ ಆರು ಸಲ ಒಂದರ ಹಿಂದೆ ಒಂದು ಹೊಡೀತಾನೆ. ಆಮೇಲೆ ಆ ತೂಗಾಡೋ ಮನೆ ಮಾಡಿನ ಮೇಲೆ ಅಂಗಾತ ಬಿದ್ದು ವಿಷ ಏರದ ಹಾಗೆ ಉಸಿರು ಸಣ್ಣಗೆ ಬಿಗಿ ಹಿಡ್ಕೊಂಡು ಮಲಗಿರ್ತಾನೆ. ಎಲ್ಲರೂ ಮಿಂಚಿನ ಅನಿಮೇಷನ್ ಹೊಗಳ್ತಾರೆ, ನನಗೆ ಆ ಮಲಗಿರೋ ಶಾಟ್ ಕರುಳು ಹಿಂಡುತ್ತೆ.

ಕಟ್ಟೆಪುರಾಣ:
ಅದೇ ಬೆಟ್ಟದಲ್ಲಿ ಇನೊಸುಕೆ ಕಥೆ ನೋಡಿ ಈಗ. ಜೇಡರ ಅಪ್ಪ ಅವನ ಕುತ್ತಿಗೆ ಹಿಸುಕಿ ಎತ್ತಿದಾನೆ, ಪ್ರಾಣ ಹೋಗೋ ಹೊತ್ತಲ್ಲಿ ಯಾರೋ ಹೆಂಗಸಿನ ಮುಖ ಕಣ್ಮುಂದೆ ಬರುತ್ತೆ, ಯಾರು ಅಂತ ಅವನಿಗೇ ಗೊತ್ತಿಲ್ಲ. ವಾಟರ್ ಹಶಿರಾ ಗಿಯು ಬಂದು ಉಳಿಸ್ತಾನೆ. ಆಮೇಲೆ ಬಟರ್‌ಫ್ಲೈ ಮ್ಯಾನ್ಶನ್‌ನಲ್ಲಿ ಗಂಟಲು ಜಜ್ಜಿಹೋಗಿ ಹಾಸಿಗೆ ಮೇಲೆ ಬಿದ್ಕೊಂಡು, "ನಾನು ಬಲ ಇಲ್ದವ್ನು, ಕ್ಷಮ್ಸಿ" ಅಂತ ಸಣ್ಣ ಒಡಕು ದನೀಲಿ ಹೇಳ್ತಾನೆ. ಬೆಟ್ಟದ ರಾಜ ಅಂತ ಎದೆ ತಟ್ಕೊಂಡು ಓಡಾಡ್ತಿದ್ದವ್ನು! ಜನ ಅದನ್ನ ಕಾಮಿಡಿ ಅಂತ ನಗ್ತಾರೆ, ನನಗೆ ನಗು ಬರಲ್ಲ. ತನಗಿಂತ ಬಲವಾದವ್ರು ಇದಾರೆ ಅಂತ ಜೀವನದಲ್ಲಿ ಮೊದಲ ಸಲ ಗೊತ್ತಾಗಿದೆ ಅವನಿಗೆ.

ರಾತ್ರಿಪಾಳಿ:
ಇದನ್ನ ಒಪ್ಪಿದೆ. ಅದೇ ಮುಗೆನ್ ಟ್ರೇನ್‌ಗೂ ಬರುತ್ತೆ. ರಾಕ್ಷಸ ಅಕಾಜಾ, ಹಶಿರಾ ರೆಂಗೊಕು ಹೊಡೆದಾಡುವಾಗ ಇನೊಸುಕೆ ಎರಡು ಕತ್ತಿ ಹಿಡ್ಕೊಂಡು ಸುಮ್ನೆ ನಿಂತಿರ್ತಾನೆ, ನುಗ್ಗೋಕೆ ಸಂದೇ ಇಲ್ಲ, ಹೋದ್ರೆ ಅಡ್ಡ ಆಗ್ತೀನಿ ಅಂತ ತಿಳ್ಕೊಂಡು. ಎಲ್ಲದಕ್ಕೂ ತಲೆ ಕೊಟ್ಟು ಗುದ್ದೋ ಹುಡುಗ ನಿಲ್ಲೋದು ಕಲಿತಿರೋದು. ರೆಂಗೊಕು ಹೋದ್ಮೇಲೆ ತಾಂಜಿರೊ ನಾನು ಅವರ ಹಾಗೆ ಆಗ್ತೀನಾ ಅಂತ ಕುಸಿದಾಗ ಬೈದು ನಿಲ್ಸೋದೂ ಇನೊಸುಕೆನೇ. ಅವ್ರು ನಂಬ್ತೀನಿ ಅಂದ್ರಲ್ಲ, ಆ ನಂಬಿಕೆಗೆ ತಕ್ಕ ಹಾಗೆ ಇರೋದೊಂದೇ ಯೋಚ್ನೆ ಮಾಡು ಅಂತ. ಹಂದಿ ಮುಖವಾಡದ ಕಣ್ಣಿಂದ ನೀರು ಸುರೀತಿರುತ್ತೆ ಅವಾಗ.

ಬಯಲುಸೀಮೆ:
ಅದೇ ಟ್ರೇನಲ್ಲಿ ಆ ಮುಖವಾಡ ಜೀವಾನೂ ಉಳ್ಸಿದೆ. ಎನ್ಮು ಅನ್ನೋ ರಾಕ್ಷಸನ ಕಣ್ಣಿಗೆ ಕಣ್ಣು ಕೊಟ್ರೆ ನಿದ್ದೆ ಹಿಡೀತಿತ್ತು, ಹಂದಿ ಕಣ್ಣಾಗಿದ್ರಿಂದ ಇನೊಸುಕೆ ಎಲ್ಲಿ ನೋಡ್ತಿದಾನೆ ಅಂತಾನೇ ಗೊತ್ತಾಗ್ಲಿಲ್ಲ.

ಮಲೆನಾಡ_ಮಳೆ:
ಆ ಮುಖವಾಡ ಯಾರದ್ದು ಗೊತ್ತಲ್ವಾ? ಸಾಕಿದ ಅಮ್ಮ ಹಂದಿಯ ಚರ್ಮ ಅದು. ಮರಿ ಕಳ್ಕೊಂಡಿದ್ದ ಹಂದಿ ಆ ಮಗೂನ ಎತ್ಕೊಂಡು ಸಾಕಿತ್ತು. ಅಮ್ಮ ಸತ್ತಮೇಲೂ ತಲೆ ಮೇಲೆ ಹೊತ್ಕೊಂಡು ತಿರುಗ್ತಿದಾನೆ ಮಾರಾಯ. ನಮ್ಮ ತೋಟದ ಅಂಚಲ್ಲಿ ಕಾಡುಹಂದಿ ಬರ್ತಾವೆ, ಮರಿ ಜೊತೆ ಇರೋ ಹೆಣ್ಣು ಹಂದಿ ಎದುರಿಗೆ ನಮ್ಮ ನಾಯಿ ಬಾಲ ಮಡಚಿ ವಾಪಸ್ ಓಡಿಬಂದಿದ್ದು ನಾನೇ ನೋಡಿದೀನಿ. ಅಂಥ ತಾಯಿ ಅದು. ಇನೊಸುಕೆ ಅಪಾಯ ಕಂಡ್ರೆ ಮೊದಲು ಮೈ ಅಡ್ಡ ಹಾಕೋದು ಎಲ್ಲಿಂದ ಬಂತು ಅಂತ ಅವತ್ತು ಅರ್ಥ ಆಯ್ತು ನಂಗೆ.

ಹುಬ್ಬಳ್ಳಿ_ಗಿರ್ಮಿಟ್:
ಛಲೋ ಹೇಳಿದ್ರಿ. ಆದ್ರ ಹೆತ್ತ ತಾಯಿ ಅವನ್ನ ಬೆಟ್ಟದ ಮ್ಯಾಲಿಂದ ಒಗದಾಳಲ್ರೀ, ಅದ ಒಂದು ನನಗ ಸಮಾಧಾನ ಆಗೂದಿಲ್ಲ.

ಮಲೆನಾಡ_ಮಳೆ:
ಸ್ಪಾಯ್ಲರ್!! ಮಾಂಗಾ ಓದದೇ ಇರೋರು ಇದನ್ನ ದಾಟಿ ಹೋಗಿ.

ಬೇಡ ಅಂತ ಎಸೆದಿದ್ದಲ್ಲ ಸರ್ ಅದು. ಅವನ ಹೆತ್ತಮ್ಮ ಕೊತೊಹ, ಗಂಡ, ಅತ್ತೆ ಹೊಡೆತ ತಡೀಲಾರ್ದೆ ಕೂಸು ಎತ್ಕೊಂಡು ಓಡಿಬಂದು ಡೋಮಾನ ಮಠದಲ್ಲಿ ಸೇರ್ಕೊಂಡಿದ್ಳು. ಅವನು ಭಕ್ತರನ್ನೇ ತಿನ್ನೋ ರಾಕ್ಷಸ ಅಂತ ಕಣ್ಣಾರೆ ಕಂಡಮೇಲೆ ಅಲ್ಲಿಂದಲೂ ಓಡಿದ್ಳು. ಕೊನೆಗೆ ಮುಂದೆ ಪ್ರಪಾತ, ಹಿಂದೆ ಡೋಮಾ. ಕೂಸಾದ್ರೂ ಉಳೀಲಿ ಅಂತ ಕೆಳಗೆ ಹೊಳೆಗೆ ಬಿಟ್ಳು. ಅವಳು ಉಳೀಲಿಲ್ಲ. ಮಗೂಗೆ ಕಿರುಬೆರಳು ಹಿಡಿದು ಆಣೆ ಮಾಡೋ ಹಾಡು ಹೇಳ್ತಿದ್ಳಲ್ಲ, ಆ ಹಾಡು ಡೋಮಾಗೇ ನೆನಪಿರುತ್ತೆ, ಅವನೇ ಇನೊಸುಕೆ ಮುಖವಾಡ ಕಿತ್ಕೊಂಡು ಮುಖ ನೋಡಿ ಇದೆಲ್ಲ ಕಥೆ ಹೇಳೋ ಹಾಗೆ ಹೇಳ್ತಾನೆ. ತಾಯಿ ನನ್ನ ಬಿಸಾಕಿದ್ಳು ಅಂತ ತಿಳ್ಕೊಂಡು ಬೆಳೆದ ಹುಡುಗನಿಗೆ ತಾಯಿ ಪ್ರೀತಿಸಿದ್ಳು ಅನ್ನೋ ಸತ್ಯ ಹೇಳಿದ್ದು ಅವಳನ್ನ ಕೊಂದವನು. ಆ ಭಾಗ ಬರೆದ ಮೂಲ ಮಾಂಗಾದ ಗೊತೊಗೆ ಅವ್ರಿಗೆ ಕೈ ಮುಗೀಬೇಕು.

ಹುಬ್ಬಳ್ಳಿ_ಗಿರ್ಮಿಟ್:
ಹೌದ್ರಿ, ತಪ್ಪಾತು ನಂದು. ಮತ್ತ ಓದ್ತೀನಿ. ಹಶಿರಾ ಶಿನೊಬುನ್ನ ಎಲ್ಲೋ ನೋಡೇನಿ ಅಂತ ಇನೊಸುಕೆಗೆ ಅನಸ್ತಿತ್ತಲ್ಲ, ಅದೂ ಆ ತಾಯಿ ನೆನಪ ಅಂತ ಈಗ ಹೊಳೀತು.

ಕಡಲತಡಿ:
ನಾನು ಝೆನಿತ್ಸು ಪಕ್ಷವೇ, ಆದರೂ ಈ ಕತೆಯ ಎದುರು ಸುಮ್ಮನಾಗಬೇಕಾಗ್ತದೆ. ಆದರೆ ಒಂದು ಕೇಳ್ತೇನೆ. ಇನೊಸುಕೆಯ ದುಃಖ ಹೊರಗಿನಿಂದ ಬಂದು ಅವನಿಗೆ ಸಿಕ್ಕಿದ್ದು. ಝೆನಿತ್ಸು ಮಾತ್ರ ಮೊದಲಿಂದ ಎಲ್ಲ ಗೊತ್ತಿದ್ದೇ ಬದುಕಿದವ. ಅವನ ಕಿವಿ ಅಂಥದ್ದು, ಎದುರಿನವರು ಸುಳ್ಳು ಹೇಳಿದರೆ ಅವರ ಶಬ್ದದಲ್ಲೇ ಗೊತ್ತಾಗ್ತದೆ. ಹಾಗಿದ್ದೂ ಹುಡುಗಿಯರಿಂದ ಮೋಸ ಹೋಗಿ ಸಾಲ ಹೊತ್ತುಕೊಂಡ. ಯಾಕೆ? ಅವನೇ ಹೇಳ್ತಾನೆ, ನಾನು ಯಾರನ್ನು ನಂಬಬೇಕು ಅಂದುಕೊಂಡೆನೋ ಅವರನ್ನು ನಂಬಿದೆ ಅಂತ. ಪೆಟ್ಟಿಗೆ ಕಾದದ್ದೂ ಹಾಗೆಯೇ, ತಾಂಜಿರೊನಿಂದ ಅಳು ಬರುವಷ್ಟು ಮೆದು ಶಬ್ದ ಕೇಳ್ತದೆ ಅಂತ. ಇವನನ್ನು ಪೆದ್ದ ಅಂತ ಹೇಳುವವರು ಇದನ್ನು ಸರಿಯಾಗಿ ನೋಡಿಲ್ಲ.

ಬಯಲುಸೀಮೆ:
ಹುಡುಗಿಯರ ಹಿಂದೆ ಬೀಳೋದು ಮಾತ್ರ ಸಮರ್ಥನೆ ಮಾಡ್ಬೇಡಿ ದಯವಿಟ್ಟು. ನನ್ನ ತಂಗಿ ಜೊತೆ ಕೂತು ನೋಡುವಾಗ ಆ ಭಾಗ ಓಡ್ಸಿಬಿಡ್ತೀನಿ.

ನೇರಳೆಹಣ್ಣು:
ನಾನು ಹುಡುಗೀನೇ, ಝೆನಿತ್ಸು ಅಂದ್ರೆ ಪ್ರಾಣ, ಆದ್ರೆ ಆ ಭಾಗ ನಂಗೂ ಇಷ್ಟ ಇಲ್ಲ. ಅದು ಪಾತ್ರದ ತಪ್ಪೇ. ಅದ್ರ ಜೊತೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ: ಯೊಶಿವಾರದಲ್ಲಿ ಹೆಣ್ಣು ವೇಷ ಹಾಕ್ಕೊಂಡು ಶಾಮಿಸೆನ್ ನುಡಿಸ್ಕೊಂಡಿದ್ದಾಗ ರಾಕ್ಷಸಿ ಡಾಕಿ ಒಂದು ಪುಟ್ಟ ಹುಡುಗಿ ಕಿವಿ ಹಿಡಿದು ಎಳೀತಾಳೆ, ಇವನು ಹೋಗಿ ಅವಳ ಕೈ ಹಿಡ್ದು ಬಿಡು ಅಂತಾನೆ. ಅಪ್ಪರ್ ಮೂನ್ (ಅತಿ ಬಲದ ರಾಕ್ಷಸರ ಗುಂಪು) ಶಬ್ದ ಅಂತ ಕಿವಿಗೆ ಬಡೀತಿದೆ, ಎಚ್ಚರದಲ್ಲೇ ಇದಾನೆ, ಆದ್ರೂ ಬಿಡಲ್ಲ. ಏಟು ತಿಂದು ಹಾರಿ ಬೀಳ್ತಾನೆ. ಎಷ್ಟೋ ಹೊತ್ತಾದ್ಮೇಲೆ ನಿದ್ದೆಗಣ್ಣಲ್ಲಿ ಫೈಟ್ ಮಾಡುವಾಗ ಮೊದ್ಲು ಕೇಳೋದು ಆ ಹುಡುಗಿ ಹತ್ರ ಕ್ಷಮೆ ಕೇಳು ಅಂತ.

ರಾತ್ರಿಪಾಳಿ:
ಆ ಫೈಟಲ್ಲಿ ಇಬ್ರೂ ಒಟ್ಟಿಗೆ ಇರೋದೂ ನೆನಪಿಸ್ಕೊಳ್ಳಿ. ಇನೊಸುಕೆ ಎದೆಗೆ ಡಾಕಿ ಅಣ್ಣ ಗ್ಯೂತಾರೊ ಕುಡುಗೋಲು ಹೊಕ್ಕಿದೆ, ಅವನು ಗುಂಡಿಗೇನೇ ಪಕ್ಕಕ್ಕೆ ಸರಿಸ್ಕೊಂಡು ಬದ್ಕಿದಾನೆ. ಝೆನಿತ್ಸು ಕುಸಿದ ಮನೆ ಕೆಳಗಿಂದ ಎದ್ದು ಬಂದವ್ನು. ಡಾಕಿ ಕತ್ತು ಕಡಿಯೋದು ಇಬ್ರೂ ಸೇರ್ಕೊಂಡು, ಒಬ್ಬನ ಕೈಲಿ ಆಗ್ತಿರ್ಲಿಲ್ಲ.

ಅದಕ್ಕೆ ನಾನು ಝೆನಿತ್ಸು ಅಂತ ಹೇಳಿದ್ರೂ ಇನೊಸುಕೆ ಕಮ್ಮಿ ಅಂತಲ್ಲ. ಝೆನಿತ್ಸು ಯಾಕೆ ಅಂದ್ರೆ (ಸಿನಿಮಾ ಸ್ಪಾಯ್ಲರ್) ಕೈಗಾಕು. ಅಣ್ಣ ರಾಕ್ಷಸ ಆದ, ಆ ಅವಮಾನಕ್ಕೆ ತಾತ ಹೊಟ್ಟೆ ಸೀಳ್ಕೊಂಡ್ರು, ಪಕ್ಕದಲ್ಲಿ ನಿಂತು ತಲೆ ಕಡಿದು ನೋವು ಮುಗ್ಸೋಕೂ ಯಾರೂ ಇಲ್ದೆ. ಅಂಥ ಅಣ್ಣನ ಎದುರು ನಿಂತು ಝೆನಿತ್ಸು ಮನಸಲ್ಲಿ ಬರೋ ಮಾತು ಇದೆಯಲ್ಲ, ಎಲ್ಲರ ಎದೇಲೂ ಸಂತೋಷ ತುಂಬಿಡೋ ಪೆಟ್ಟಿಗೆ ಇರುತ್ತೆ, ಇವನ ಪೆಟ್ಟಿಗೇಲಿ ತೂತಿದೆ, ಎಷ್ಟು ತುಂಬಿದ್ರೂ ಸೋರಿಹೋಗುತ್ತೆ ಅಂತ. ಆಮೇಲೆ ತಾನೇ ಕಟ್ಟಿದ ಏಳನೇ ವಿದ್ಯೇಲಿ ಅಣ್ಣನ ತಲೆ ತೆಗೀತಾನೆ. ಅದನ್ನ ಕಟ್ಟಿದ್ದು ಅಣ್ಣನ್ನ ಕೊಲ್ಲೋಕಲ್ಲ, ಒಂದು ದಿನ ಅಣ್ಣನ ಪಕ್ಕ ಹೆಗಲಿಗೆ ಹೆಗಲು ಕೊಟ್ಟು ನಿಲ್ಬೇಕು ಅಂತ. ಥಿಯೇಟರಲ್ಲಿ ನನ್ನ ಪಕ್ಕ ಕೂತಿದ್ದ ಯಾರೋ ಗೊತ್ತಿಲ್ದವ್ರು ಕರ್ಚೀಫ್ ಕೊಟ್ರು ನನಗೆ.

ನೇರಳೆಹಣ್ಣು:
ಅದಾದ್ಮೇಲೆ ನದಿ ದಂಡೇಲಿ ತಾತ ಕಾಣ್ತಾರಲ್ಲ, ಇವನು ತಪ್ಪಾಯ್ತು ತಪ್ಪಾಯ್ತು ಅಂತ ಕೂಗ್ತಾನೆ, ಅವ್ರು ನೀನೇ ನನ್ನ ಹೆಮ್ಮೆ ಕಣೋ ಅಂತಾರೆ. ಬರೀತಾ ಬರೀತಾ ಮತ್ತೆ ಅಳು ಬಂತು.

ಬಯಲುಸೀಮೆ:
ಸ್ಪಾಯ್ಲರ್ ಅಂತ ಬರೆದಿದ್ರೂ ಓದ್ಬಿಟ್ಟೆ, ನಂದೇ ತಪ್ಪು. ನಾಳೇನೇ ನೋಡ್ತೀನಿ.

ಮಲೆನಾಡ_ಮಳೆ:
ಪೆಟ್ಟಿಗೆ! ನೆಜುಕೊ ಪೆಟ್ಟಿಗೆ ಕಾದವ್ನೇ ಈ ಮಾತು ಹೇಳೋದು. ಇಷ್ಟು ದಿನ ಎರಡನ್ನ ಸೇರಿಸಿ ನೋಡೇ ಇರ್ಲಿಲ್ಲ.

ಕಟ್ಟೆಪುರಾಣ:
ನೋಡಿ, ಒಂದು ವಿಷಯದಲ್ಲಿ ನಾನು ಸೋತೆ. ಎರಡು ಪಾತ್ರ ಅಂಟಿಸಿದ ಹಾಗಿದೆ ಅಂದಿದ್ದು ತಪ್ಪು. ನಿದ್ದೇಲಿ ಇರೋದೂ ಅವನೇ, ಎಚ್ಚರದಲ್ಲಿ ಪೆಟ್ಟಿಗೆ ಕಾದವ್ನೂ ಅವನೇ. ತಮ್ಮನಿಗೆ ಇವತ್ತು ರಾತ್ರಿ ಹೇಳ್ತೀನಿ. ಆದ್ರೆ ಇನೊಸುಕೆ ಬಿಟ್ಟುಕೊಡಲ್ಲ. ಝೆನಿತ್ಸುಗೆ ತಾತ ಇದ್ರು, ಕಳ್ಕೊಂಡಿದ್ದು ಏನು ಅಂತ ಹೆಸರಿಟ್ಟು ಕೂಗೋಕಾದ್ರೂ ಬರ್ತಿತ್ತು. ಇನೊಸುಕೆಗೆ ಅದಕ್ಕೆ ಪದವೇ ಇರ್ಲಿಲ್ಲ. ವಿಸ್ಟೀರಿಯಾ ಗುರುತಿನ ಮನೆ ಅಜ್ಜಿ ಬಿಸಿಬಿಸಿ ತೆಂಪುರಾ ಬಡಿಸಿದಾಗ, ಬಟ್ಟೆ ಒಗೆದು ಇಟ್ಟಾಗ, ಎದೇಲಿ ಏನೋ ಬೆಚ್ಚಗೆ ಆಗುತ್ತೆ, ಏನದು ಅಂತ ಗೊತ್ತಾಗ್ದೆ "ಹೊವ ಹೊವ" ಅಂತ ತಾನೇ ಒಂದು ಶಬ್ದ ಮಾಡ್ಕೊಂಡ. ಅಷ್ಟು ಖಾಲಿ ಇದ್ದವ್ನು ಕೊನೆಗೆ ಡೋಮಾ ಎದುರು ನಿಂತು ನನ್ನಮ್ಮನ್ನ, ನನ್ನ ಜೊತೆಗಾರ್ತೀನ ಕೊಂದವ್ನು ನೀನೇ ಅಂತ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾನಲ್ಲ, ಆ ದೂರ ತುಂಬಾ ದೊಡ್ಡದು.

ಕಡಲತಡಿ:
ಇದು ಸರಿ ವಾದ. ನನ್ನ ಮತ ಬದಲಿಸುವುದಿಲ್ಲ, ಆದರೆ ಇದು ಸರಿ ವಾದ.

ಹುಬ್ಬಳ್ಳಿ_ಗಿರ್ಮಿಟ್:
ಡೋಮಾ ಜಗಳ ಮುಂದಿನ ಸಿನಿಮಾದಾಗ ತೋರಿಸಿದ ಮ್ಯಾಲ ಇನೊಸುಕೆ ಕಡೆ ಮಂದಿ ಬಾಳ ಆಗ್ತಾರ ನೋಡ್ರಿ. ಆವಾಗ ಮತ್ತ ಇಲ್ಲೇ ಕೂಡೂಣು.

ಅಡಿಕೆತೋಟ:
ನೇರಳೆಹಣ್ಣು ಅವರು ಹೇಳಿದ ಹಾಗೆ ಕೆಳಗಿಂದೇನೂ ಓದಿಲ್ಲ, ನೇರ ಇಲ್ಲಿ ಬರೀತಿದೀನಿ. 14 ಮುಗೀತು. ಹಳದಿ ಕೂದಲಿನವನ ಮೇಲಿದ್ದ ಸಿಟ್ಟೆಲ್ಲ ಹೋಯ್ತು, ಅಷ್ಟು ಒದೆ ತಿಂದ್ರೂ ಪೆಟ್ಟಿಗೆ ಬಿಡ್ಲಿಲ್ಲ ಪುಣ್ಯಾತ್ಮ. ಆದ್ರೆ ಒದ್ದವನ ಮೇಲೂ ಸಿಟ್ಟು ನಿಲ್ತಿಲ್ಲ. ಸತ್ತವರನ್ನ ಹೂಳೋಣ ಬಾ ಅಂದ್ರೆ ಅದ್ರಿಂದ ಏನಾಗುತ್ತೆ ಅಂತಿದ್ದ, ಗಾಯ ನೋಯ್ತಿದೆ ಅನ್ಸುತ್ತೆ ನಿನ್ ಕೈಲಿ ಆಗಲ್ಲ ಬಿಡು ಅಂತ ತಾಂಜಿರೊ ಅಂದಿದ್ದೇ ತಡ, ಎಲ್ಲರಿಗಿಂತ ಹೆಚ್ಚು ನಾನೇ ಹೂಳ್ತೀನಿ ಅಂತ ಎದ್ದ. ನಗ್ತಾ ನಗ್ತಾ ಕಣ್ಣು ಒದ್ದೆ ಆಯ್ತು. 15 ಹಾಕ್ತಿದೀನಿ ಈಗ.